ಮೂರನೆಯ ಮುಚ್ಚಳ

ಹಡಗಿನ ಕಂಪನಿಯಿಂದ ಫೋನು ಬಂದಾಗ ಯಜಮಾನರು ಅಡುಗೆಮನೆಯ ಕಪಾಟಿನ ಬಾಗಿಲು ಸರಿಮಾಡುತ್ತಿದ್ದರು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದರಿಂದ ಹೆಂಡತಿಯೇ ಫೋನು ಎತ್ತಿದರು. "ಹೌದು, ಅವನ ತಾಯಿನೇ ಮಾತಾಡ್ತಿರೋದು" ಎಂದರು. ಅತ್ತಲಿನ ಮಾತು ಕೇಳಿ, ಫೋನನ್ನು ಗಂಡನ ಕೈಗಿಟ್ಟು, ಒಲೆ ಆರಿಸಿ, ನೆಲದ ಮೇಲೆ ಕುಸಿದು ಕೂತರು.

ಒಬ್ಬನೇ ಮಗ. ಸರಕು ಹಡಗಿನಲ್ಲಿ ಅಧಿಕಾರಿ. ತನ್ನ ಪಾಳಿ ಮುಗಿಸಿ ಮಲಗಿದವನು ಏಳಲಿಲ್ಲವಂತೆ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತಂತೆ. ದಡ ಬಹಳ ದೂರವಿತ್ತು. ಹೆತ್ತವರು ಒಪ್ಪಿದರೆ ಸಮುದ್ರಕ್ಕೇ ಒಪ್ಪಿಸುತ್ತೇವೆ ಎಂದು ಅದೇ ಫೋನಿನಲ್ಲಿ ಹಡಗಿನ ಕ್ಯಾಪ್ಟನ್ ತಡೆತಡೆದು ಕೇಳಿದರು. ಯಜಮಾನರು ಹೂಂಗುಟ್ಟಿ ಒಪ್ಪಿಗೆ ಕೊಟ್ಟರು. ಫೋನು ಇಟ್ಟ ಮೇಲೆಯೇ ಬಾಯಲ್ಲಿ ಸ್ಕ್ರೂ ಇನ್ನೂ ಇದೆಯೆಂದು ಅವರಿಗೆ ತಿಳಿದದ್ದು. ಆ ಕಬ್ಬಿಣದ ರುಚಿ ಬಹಳ ದಿನ ನಾಲಿಗೆಯಿಂದ ಹೋಗಲಿಲ್ಲ.

ಮಗನ ಗುರುತಾಗಿ ಉಳಿದದ್ದು ಸಮುದ್ರದಲ್ಲಿದ್ದ ಒಂದು ಹಳದಿ ಕೊಳವೆ. ವಿಜ್ಞಾನಿಗಳ ಹಡಗುಗಳು ಬೆರಳೆಣಿಕೆಯಷ್ಟು. ಸರಕು ಹಡಗುಗಳೋ ವರ್ಷವಿಡೀ ಓಡಾಡುತ್ತಿರುತ್ತವೆ. ಹಾಗಾಗಿ ಸಂಶೋಧನಾಲಯದವರು ಆಳುದ್ದದ ಕೊಳವೆಗಳನ್ನು ಕಂಪನಿಯ ಹಡಗುಗಳಿಗೆ ಕೊಡುವುದು, ಹಡಗಿನವರು ಹೇಳಿದ ಜಾಗದಲ್ಲಿ ಅವನ್ನು ನೀರಿಗೆ ಇಳಿಸುವುದು ಎಂದು ಒಪ್ಪಂದವಾಗಿತ್ತು. ಕೊಳವೆ ತಾನೇ ಆಳಕ್ಕೆ ಮುಳುಗುತ್ತದೆ. ಹತ್ತು ದಿನಕ್ಕೊಮ್ಮೆ ಮೇಲೆದ್ದು, ನೀರಿನ ಬಿಸಿಯೆಷ್ಟು ಉಪ್ಪೆಷ್ಟು ಎಂದು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತದೆ. ಆ ಲೆಕ್ಕವನ್ನು ಯಾವ ದೇಶದವರು ಬೇಕಾದರೂ ನೋಡಬಹುದು. ಮಗ ಸಾಯುವ ಒಂದು ವಾರ ಮೊದಲು ಇಳಿಸಿದ್ದ ಕೊಳವೆಯ ಪುಟವನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದಿಡುವುದು ಗಂಡ ಹೆಂಡಿರ ಅಭ್ಯಾಸವಾಯಿತು.

"ಎದ್ದನೇನ್ರೀ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಿದ್ದರು.

"ಎದ್ದಿದ್ದಾನೆ. ಸ್ವಲ್ಪ ಪೂರ್ವಕ್ಕೆ ಹೋಗಿದ್ದಾನೆ."

ಒಂದು ದಿನ ನೋಡಿದರೆ ಉಪ್ಪಿನ ಸಾಲು ಮೊದಲ ದಿನದಿಂದಲೂ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ 'ನಂಬಲರ್ಹವಲ್ಲ' ಎಂಬ ಗುರುತು. ಕೆಲಸದಲ್ಲಿದ್ದಷ್ಟು ಕಾಲ ಯಜಮಾನರು ಅಂಗಡಿಗಳ ತೂಕ ಅಳತೆ ಪರೀಕ್ಷಿಸುವ ಅಧಿಕಾರಿ; ಊರೆಲ್ಲ ತಕ್ಕಡಿ ಸಾಹೇಬರೆಂದೇ ಕರೆಯುತ್ತಿತ್ತು. ಎಷ್ಟೋ ಸುಳ್ಳು ತೂಕದ ಬಟ್ಟುಗಳನ್ನು ಜಪ್ತಿ ಮಾಡಿದ್ದ ಅವರಿಗೆ ಈಗ ತಮ್ಮ ಮಗನ ಕೆಲಸದ ಮೇಲೆಯೇ ಯಾರೋ ಸುಳ್ಳೆಂಬ ಮುದ್ರೆ ಒತ್ತಿದಂತಾಯಿತು.

ಮರುದಿನವೇ ಸಂಶೋಧನಾಲಯಕ್ಕೆ ಹೋದರು. ಲೆಕ್ಕ ನೋಡಿಕೊಳ್ಳುವ ವಿಜ್ಞಾನಿ ಮಗನ ವಯಸ್ಸಿನ ಹೆಂಗಸು. ಕಿಟಕಿಯ ಬಳಿಯ ಕುರ್ಚಿಯ ಮೇಲಿದ್ದ ಕಾಗದಗಳನ್ನು ತೆಗೆದು ಕೂರಿಸಿದಳು.

"ಬಿಸಿಯ ಲೆಕ್ಕ ತುಂಬಾ ಚೆನ್ನಾಗಿದೆ ಸಾರ್. ಉಪ್ಪಿಂದು ಮಾತ್ರ ಕೆಟ್ಟಿದೆ."

"ಅದನ್ನ ಯಾರು ಕೆಡಿಸಿದ್ದು?"

ಅವಳು ಮೇಜಿನ ಮೇಲಿದ್ದ ಇನ್ನೊಂದು ಕೊಳವೆಯ ತಲೆ ತೋರಿಸಿದಳು. ಮೂರು ಸಣ್ಣ ಬಾಯಿ, ಒಂದೊಂದಕ್ಕೂ ರಬ್ಬರಿನ ಮುಚ್ಚಳ. "ಇಳಿಸೋ ಮೊದಲು ಈ ಮೂರನ್ನೂ ಕೀಳಬೇಕು. ಒಂದು ಉಳಿದುಬಿಟ್ರೆ ಒಳಗೆ ನೀರು ಹರಿಯಲ್ಲ. ಆಗ ಉಪ್ಪಿನ ಲೆಕ್ಕ ದಂಡ. ಬಿಸಿ ಅಳೆಯೋ ಕಡ್ಡಿ ಹೊರಗಿರತ್ತೆ, ಅದಕ್ಕೇನೂ ಆಗಲ್ಲ. ಮೂರೂ ತೆಗೆದಿದ್ರೆ ತಪ್ಪು ಯಂತ್ರದ್ದು. ಹಾಗಿದ್ರೆ ಸುತ್ತಲಿನ ಕೊಳವೆಗಳ ಜೊತೆ ಹೋಲಿಸಿ ತಿದ್ದಿ ಹಾಕಬಹುದು, ಈ ಗುರುತೂ ಹೋಗತ್ತೆ. ಕಿತ್ತ ಮುಚ್ಚಳಾನ ಹಡಗಿನವರು ಜೇಬಿಗೆ ಹಾಕ್ಕೊಂಡು ಆಮೇಲೆ ಎಣಿಸ್ತಾರೆ. ನಿಮ್ಮ ಮಗನ ಸಾಮಾನು ಮನೆಗೆ ಬಂದಾಗ ಒಂದ್ಸಲ ನೋಡ್ತೀರಾ?"

"ನೋಡೋದೇನು ಬಂತು. ಮೂರಿರತ್ತೆ," ಎಂದರು ಯಜಮಾನರು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಬೇಡಿಕೊಂಡರು.

ಹಡಗಿನಿಂದ ಟ್ರಂಕು ಬಂದ ದಿನ ಹೆಂಡತಿ ಮಗನ ಒಂದೊಂದೇ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಮಡಿಸಿಟ್ಟರು. ತಳದಲ್ಲಿ ಕಿತ್ತಳೆ ಬಣ್ಣದ ಮೇಲುಡುಪು. ಯಜಮಾನರು ಅದರ ಜೇಬಿನ ಜಿಪ್ ಎಳೆದು ಕೈ ಹಾಕಿದರು. ಒಂದು ಪೆನ್ನು, ಪೆಪ್ಪರಮಿಂಟಿನ ಕಾಗದ, ಎರಡು ಮುಚ್ಚಳ. ಜೇಬಿನ ಒಳಮಗ್ಗುಲನ್ನು ಹೊರಗೆಳೆದು ನೋಡಿದರು. ಉಳಿದ ಜೇಬುಗಳನ್ನೂ ಜಾಲಾಡಿದರು. ಟ್ರಂಕನ್ನೇ ಮಗುಚಿ ಕೊಡವಿದರು. ಮೂರನೆಯದು ಸಿಗಲಿಲ್ಲ.

ಹೆಂಡತಿಗೆ ಎರಡು ಮುಚ್ಚಳ ತೋರಿಸಿ ವಿಷಯ ಹೇಳಿದರು.

"ಮೂರಿತ್ತು ಅಂದ್ಬಿಡಿ," ಎಂದರು ಆಕೆ, ತಟ್ಟನೆ.

"ಇರೋದು ಎರಡು ಕಣೇ."

"ಯಾರು ಬಂದು ಎಣಿಸ್ತಾರೆ? ಸಮುದ್ರ ಬಂದು ಸಾಕ್ಷಿ ಹೇಳತ್ತಾ? ಸತ್ತವನ ಹೆಸರಿಗೆ ಮಸಿ ಬಳೀಬೇಕಾ ನೀವು? ನನ್ನ ತಮ್ಮನ ಅಂಗಡಿ ಬಟ್ಟನ್ನೇ ಎತ್ಕೊಂಡು ಹೋದ ಮಹಾನುಭಾವರು! ಇನ್ನು ಮಗನ ಮಾತೇನು!"

ಯಜಮಾನರು ಮುಚ್ಚಳಗಳನ್ನು ಮುಷ್ಟಿಯಲ್ಲಿ ಹಿಡಿದು ಕಂಪ್ಯೂಟರಿನ ಮುಂದೆ ಕೂತರು. ಮೂರು ಎಂಬ ಒಂದು ಮಾತು ಸಾಕಿತ್ತು. ಬೂದು ಸಾಲು ಮತ್ತೆ ಕಪ್ಪಾಗುತ್ತಿತ್ತು. ಆದರೆ ಹಾಗೆ ಹೇಳಿದರೆ ಸಂಶೋಧನಾಲಯದವರು ಹರಿಯದ ನೀರಿನ ಅಂಕಿಗಳನ್ನು ತಿದ್ದಿ ತೀಡಿ ಸರಿಯಾದವುಗಳ ಜೊತೆ ಸೇರಿಸುತ್ತಿದ್ದರು. ಎಲ್ಲೋ ಗುರುತಿಲ್ಲದ ಯಾರೋ ಅದನ್ನು ನಂಬಿ ಮಳೆಯ ಲೆಕ್ಕ ಹಾಕುತ್ತಿದ್ದರು, ಮೀನಿನ ಲೆಕ್ಕ ಹಾಕುತ್ತಿದ್ದರು. ಮಗನ ಹೆಸರಿನಲ್ಲಿ ಸುಳ್ಳು ಬಟ್ಟೊಂದು ಲೋಕವೆಲ್ಲ ತಿರುಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತರು.

"ಚಿಕ್ಕವನಿದ್ದಾಗ ಅಂಗಿ ಗುಂಡಿ ಎಲ್ಲಾ ಹಾಕ್ಕೊಂಡು ಕೊನೇದೊಂದು ಮರೀತಿದ್ದ, ನೆನಪಿದ್ಯಾ?" ಎಂದರು.

"ಬೂಟಿನ ದಾರಾನೂ ಅಷ್ಟೇ. ಒಂದು ಕಟ್ಟಿ ಇನ್ನೊಂದು ಹಾಗೇ."

"ಹಿಂದೆ ಹೋಗಿ ಹಾಕ್ಕೊಡೋದೇ ಆಗಿತ್ತು ನಂಗೆ. ಹಡಗಲ್ಲಿ ಯಾರಿದ್ರು ಪಾಪ." ನಗು ಬಂತು; ನಗುತ್ತಲೇ ಅತ್ತರು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಎರಡೇ ಅಂತ ಹೇಳಿ," ಎಂದರು. "ನಾನೂ ಬರ್ತೀನಿ."

ಸಂಶೋಧನಾಲಯದಲ್ಲಿ ವಿಜ್ಞಾನಿ ಮುಚ್ಚಳಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಗುರುತು ಹಾಗೇ ಉಳಿಯತ್ತೆ ಸಾರ್," ಎಂದಳು ಮೆಲ್ಲಗೆ.

"ಉಳೀಲಿ ತಾಯಿ. ಬಿಸಿಯ ಸಾಲು?"

"ಅದು ಅಪ್ಪಟ. ಆ ಜಾಗಕ್ಕೆ ನಮ್ಮ ಹಡಗು ಯಾವುದೂ ಹೋಗಲ್ಲ. ದಿನಾ ಬಳಸ್ತಿದ್ದೀವಿ."

ಆಗ ಮಗನ ತಾಯಿ ಮುಂದೆ ಬಂದರು. "ಒಂದು ಮಾತು ಕೇಳಮ್ಮ. ಮೂರಕ್ಕೂ ಸೇರಿಸಿ ಒಂದು ದಾರ ಕಟ್ಟಬಾರ್ದಾ? ಒಂದನ್ನ ಎಳೆದ್ರೆ ಮೂರೂ ಬರೋ ಹಾಗೆ? ಮಕ್ಕಳ ಟೋಪಿಗೆ ಕಟ್ಟಲ್ವಾ, ಹಾಗೆ. ಮರೆಯೋ ಮಕ್ಕಳು ಎಲ್ಲರ ಮನೇಲೂ ಇರ್ತಾರೆ."

ಕಂಪನಿಯವರಿಗೂ ಈ ಮಾತು ಹಿಡಿಸಿತು. ಮುಂದಿನ ಕೊಳವೆಗಳು ಹಡಗು ಹತ್ತುವ ದಿನ ಗಂಡ ಹೆಂಡತಿ ಬಂದರಿಗೆ ಹೋಗಿ ನಿಂತು ನೋಡಿದರು. ಪ್ರತಿ ಕೊಳವೆಯ ತಲೆಯ ಮೇಲೂ ಕೆಂಪು ದಾರ ಗಾಳಿಗೆ ಅಲುಗುತ್ತಿತ್ತು. ಹಡಗು ಬಂದರು ದಾಟಿದ ಮೇಲೆ ಇಬ್ಬರೂ ಕಲ್ಲಿನ ಕಟ್ಟೆಯ ಮೇಲೆ ಕೂತರು. ಯಜಮಾನರು ಚಪ್ಪಲಿ ಬಿಟ್ಟು, ನೀರಿನ ಕಡೆಗೆ ಮುಖ ಮಾಡಿ ಕೈಜೋಡಿಸಿದರು.

"ದೇವರೇ, ನಮ್ಮ ಮಗ ನಿನ್ನ ಹತ್ತಿರ ಬಂದಿದ್ದಾನೆ. ನಿನ್ನ ತಕ್ಕಡಿಯಲ್ಲಿ ಅವನನ್ನು ಇಡುವಾಗ ತಪ್ಪಿದ್ದನ್ನು ತಪ್ಪೆಂದೇ ಗುರುತು ಮಾಡು, ನಾವು ಬೇಡವೆನ್ನುವುದಿಲ್ಲ. ಆದರೆ ಆ ಒಂದು ಸಾಲಿಗಾಗಿ ಉಳಿದ ಸಾಲನ್ನು ಎಸೆಯಬೇಡ. ಅವನು ಹಾಕಲು ಮರೆತ ಗುಂಡಿಯನ್ನು ನೀನೇ ಹಾಕಿಬಿಡು. ಅವನ ಮೇಲಿರುವ ನೀರೆಲ್ಲ ಅವನಿಗೆ ಹಗುರವಾಗಲಿ. ದಣಿದು ಮಲಗಿದವನು, ನೆಮ್ಮದಿಯಾಗಿ ಮಲಗಲಿ. ಅವನಿಗೆ ಶಾಂತಿ ಕೊಡು ತಂದೆ, ಶಾಂತಿ ಕೊಡು."