ಗುಳ್ಳೆಯೆಂದು ಅಳಿಸಿದ್ದು

ಬಂದರು ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಅಳತೆಯಕ್ಕ’ ಎಂದು. ದೋಣಿಯಿಂದ ನೀರಿಗೆ ಶಬ್ದ ಬಿಟ್ಟು, ಅದು ತಳಕ್ಕೆ ಬಡಿದು ಮರಳುವ ಹೊತ್ತನ್ನು ಲೆಕ್ಕಹಾಕಿ, ಕಣ್ಣಿಗೆ ಕಾಣದ ನೆಲದ ನಕ್ಷೆ ತೆಗೆಯುವುದು ಅವಳ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿ, ಯಾವ ಮೂಲೆಯಲ್ಲಿ ಎಷ್ಟು ಆಳ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವಳಾಗಿದ್ದಳು. ಆ ಬಂದರಿಗೆ ಮೂರು ಕಡೆ ಗುಡ್ಡ, ಒಂದು ಕಡೆ ಕಿರಿದಾದ ಬಾಯಿ. ಒಳಗೆ ಅಲೆಯೂ ಇಲ್ಲ, ಸೆಳೆತವೂ ಇಲ್ಲ. ನದಿ ತಂದ ಕೆಸರು ಬಂದಲ್ಲೇ ಕೂತು, ಅಡಿಬಂಡೆಯ ಮೇಲೆ ಗಂಜಿಯಂತೆ ಮೆತ್ತಗೆ ಹರಡಿತ್ತು. ಅದರೊಳಗೆ ಕೊಳೆತ ಎಲೆಗಳಿಂದ ಗಾಳಿಗುಳ್ಳೆಗಳು ಏಳುತ್ತಲೇ ಇರುತ್ತವೆ. ಕಂಪ್ಯೂಟರಿನಲ್ಲಿ ಅವೆಲ್ಲ ಚುಕ್ಕೆಗಳಾಗಿ ಮೂಡಿ ಪ್ರಾಣ ತಿನ್ನುತ್ತವೆ. ಚುಕ್ಕೆ ಕಂಡ ಕೂಡಲೇ ಗುಂಪುಗುಂಪಾಗಿ ಅಳಿಸಿಬಿಡುವುದು ಆ ಕಚೇರಿಯವರಿಗೆಲ್ಲ ಅಂಟಿದ ಚಾಳಿ.

ಮೂರು ವರ್ಷದ ಹಿಂದೆ ಅವಳ ಅಣ್ಣ ಕಾಣೆಯಾದ. ಹಡಗುಗಳ ಹಗ್ಗವನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ತಂದು ಕಟ್ಟುವವನು ಅವನು. ಬೆಳಿಗ್ಗೆ ಹೋದವನು ದೋಣಿ ಸಮೇತ ನಾಪತ್ತೆ. ತಳ ನೋಡಿಕೊಡಿ ಎಂದು ಪೊಲೀಸರು ಕೇಳಿದಾಗ ಅವಳು ಬೇರೆಯವರ ಕೈಗೆ ಕೊಡಲಿಲ್ಲ. ಎರಡು ದಿನ ಅನ್ನ ನೀರು ಬಿಟ್ಟು ತಾನೇ ಅಳೆದಳು, ತಾನೇ ಚುಕ್ಕೆ ಅಳಿಸಿ ನಕ್ಷೆ ತೆಗೆದಳು. ತಳ ಚೊಕ್ಕಟವಾಗಿತ್ತು. ಏನೂ ಇಲ್ಲ ಎಂದು ಬರೆದು ಸಹಿ ಹಾಕಿದಳು.

ಆಮೇಲೆ ಕೇಳಬೇಕೆ! ನೀರಿನಲ್ಲಿಲ್ಲದವನು ನೆಲದ ಮೇಲಿರಲೇಬೇಕು, ದೋಣಿ ಮಾರಿ ಯಾರನ್ನೋ ಕಟ್ಟಿಕೊಂಡು ಓಡಿಹೋಗಿದ್ದಾನೆ ಎಂದು ಊರು ತೀರ್ಮಾನ ಕೊಟ್ಟಿತು. ಕೆಲಸವಿಲ್ಲದ ಬಾಯಿಗಳಿಗೆ ಆರು ತಿಂಗಳ ಮೇವು. ಅತ್ತಿಗೆ ಮಾತ್ರ ನಂಬಲಿಲ್ಲ. ನಂಬಿಸಿದವಳು ಈ ನಾದಿನಿಯೇ. ಕೆಳಗಿದ್ದಿದ್ದರೆ ನನ್ನ ಯಂತ್ರಕ್ಕೆ ಸಿಗದೆ ಎಲ್ಲಿ ಹೋಗುತ್ತಿದ್ದ ಎಂದು ಎದೆ ತಟ್ಟಿ ಹೇಳಿದಳು. ಅತ್ತಿಗೆ ಗಂಡನ ಬಟ್ಟೆಗಳನ್ನೆಲ್ಲ ಕಂಡವರಿಗೆ ಕೊಟ್ಟುಬಿಟ್ಟಳು. ಅಂದಿನಿಂದ ಇಬ್ಬರೂ ಒಂದೇ ಸೂರಿನಡಿ, ಒಂದೇ ಮನುಷ್ಯನನ್ನು ಬೈಯುತ್ತ, ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಅವಳಿಗೆ ತನ್ನವರೆಂದು ಉಳಿದಿದ್ದವಳು ಅತ್ತಿಗೆ ಒಬ್ಬಳೇ.

ಈ ವಾರ, ಹಡಗು ನಿಲ್ಲುವ ಹೊಸ ಕಟ್ಟೆಗಾಗಿ ಹೂಳೆತ್ತುವ ಮುನ್ನ, ಕೆಸರಿನೊಳಗೂ ನೋಡುವ ಯಂತ್ರ ತರಿಸಿದರು. ಬಂಡೆ ಎಷ್ಟು ಕೆಳಗಿದೆಯೆಂದು ನೋಡಹೊರಟವಳಿಗೆ ಕೆಸರಿನ ನಡುವೆ ದೋಣಿಯ ಆಕಾರ ಕಂಡಿತು. ಮುಳುಗುಗಾರ ಇಳಿದು, ಕೆಸರು ಬಗೆದು, ನಂಬರಿನ ತಗಡು ತಂದುಕೊಟ್ಟ. ಅಣ್ಣನ ದೋಣಿಯದೇ. ಒಳಗೆ ಮೂಳೆಗಳಿವೆ, ಹಗ್ಗ ಸುತ್ತಿಕೊಂಡಿದೆ ಎಂದು ಹೇಳಿ ಮುಖ ತಿರುಗಿಸಿದ.

ಅವಳು ಹಳೆಯ ಅಳತೆಯನ್ನು, ಚುಕ್ಕೆ ಅಳಿಸುವ ಮುಂಚಿನದನ್ನು, ತೆರೆದು ನೋಡಿದಳು. ಇತ್ತು. ಆಗಿನ್ನೂ ದೋಣಿ ಕೆಸರಿನ ಮೇಲೆಯೇ ಒರಗಿಕೊಂಡಿತ್ತು. ಬಿಚ್ಚಿದ ಹಗ್ಗ ಮೇಲಕ್ಕೆ ತೇಲಿ ಚುಕ್ಕೆಗಳ ಸಾಲಾಗಿತ್ತು. ಗುಳ್ಳೆಯೆಂದು ಬಗೆದು, ದೋಣಿ ಸಮೇತ ಒಂದೇ ಏಟಿಗೆ ಅಳಿಸಿದ್ದಳು. ಪುಣ್ಯಾತ್ಗಿತ್ತಿ, ಒಂದು ಸಲ ನಿಂತು ನೋಡಬಾರದಿತ್ತೇ!

ಮುಚ್ಚಿಡಬಹುದಿತ್ತು. ಅಂದೇ ಕೆಸರು ನುಂಗಿತ್ತು ಎಂದಿದ್ದರೆ ಕೇಳುವವರಾರು? ಆದರೂ ಅವಳು ಮಧ್ಯಾಹ್ನವೇ ಮನೆಗೆ ಹೋಗಿ, ಹೊಲಿಗೆಗೆ ಕೂತಿದ್ದ ಅತ್ತಿಗೆಯ ಮುಂದೆ ಎಲ್ಲವನ್ನೂ ಹೇಳಿದಳು. ಅಳಿಸಿದ್ದನ್ನೂ ಹೇಳಿದಳು. ಹೊಲಿಗೆ ಯಂತ್ರ ನಿಂತಿತು.

“ಎಷ್ಟು ಆಳದಲ್ಲಿದಾರೆ?” ಅತ್ತಿಗೆ ಕೇಳಿದಳು.

“ಹನ್ನೊಂದು ಮೀಟರ್, ಅತ್ತಿಗೆ.”

“ಅಷ್ಟೇನಾ?”

ಅವಳು ಕಾಲು ಹಿಡಿಯಲು ಬಗ್ಗಿದಾಗ ಅತ್ತಿಗೆ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಅಳಿಸಿದ್ದಕ್ಕೆ ನಾನೇನೂ ಅನ್ನಲ್ಲ. ಕಣ್ತಪ್ಪು ಯಾರಿಗಾದ್ರೂ ಆಗುತ್ತೆ. ಆದ್ರೆ ಅವರು ಅಂಥೋರಲ್ಲ ಅಂತ ನಾನು ಬಡ್ಕೊಂಡಾಗ, ನಕ್ಷೆ ತೋರಿಸಿ ನನ್ನ ಬಾಯಿ ಮುಚ್ಚಿಸಿದೆ. ನನ್ನ ಗಂಡ ಎಂಥೋರು ಅಂತ ನಂಗೆ ಗೊತ್ತಿತ್ತು ಕಣೇ. ಸತ್ತು ಬಿದ್ದಿದ್ದವರನ್ನ ಮೂರು ವರ್ಷ ಹಾಳಾಗಿ ಹೋಗ್ಲಿ ಅಂತ ಬೈದೆ.”

ಅತ್ತಿಗೆಯ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ.

“ನಾಳೆ ಅವರನ್ನ ಮೇಲೆ ತರ್ತಾರಲ್ಲ, ನಾನೊಬ್ಬಳೇ ಹೋಗ್ತೀನಿ. ನೀನು ಬರಬೇಡ.”

ಒಡಹುಟ್ಟಿದವಳು ಅವಳು, ಒಬ್ಬಳೇ ತಂಗಿ. ಆಗಲಿ ಅತ್ತಿಗೆ ಎಂದಳು.