ಬಸ್ಸು ನುಗ್ಗದ ದಾರಿ

ಸೈಕಲ್ಲನ್ನು ಕಾರಿನ ಹಿಂದೆ ನೇತುಹಾಕಬೇಕೋ ಮೇಲೆ ಕಟ್ಟಬೇಕೋ? ತಿ. ನರಸೀಪುರದ ಮಹಾದೇವಸ್ವಾಮಿಗೆ ಇದೂ ಒಂದು ಪ್ರಶ್ನೆಯೇ! ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ನರಸೀಪುರ–ನಂಜನಗೂಡು ರೂಟಿನಲ್ಲಿ ಬಾಳೆಗೊನೆ, ಮದುವೆ ಮಂಚ, ಸೈಕಲ್ಲು ಎಲ್ಲವೂ ಬಸ್ಸಿನ ಟಾಪಿನ ಮೇಲೇ ಹೋದ ಕಾಲ ಕಂಡವನು. ಒಂದು ದಿನವೂ ಒಂದು ಗೊನೆ ಉದುರಿದ್ದಿಲ್ಲ. ಅಪಘಾತ ಮಾಡದ ಚಾಲಕನೆಂದು ಕೊಟ್ಟ ಬೆಳ್ಳಿ ಪದಕ ಈಗಲೂ ಟೀವಿ ಪಕ್ಕದಲ್ಲಿದೆ. ಮನೆಗೆ ಬಂದವರು ಅದನ್ನು ನೋಡದೆ ಕಾಫಿ ಕುಡಿದು ಎದ್ದುಹೋಗುವ ಹಾಗಿಲ್ಲ.

ಸೈಕಲ್ ಕ್ಯಾರಿಯರ್ ಕೊಳ್ಳಲು ಹೋದ ಮೈಸೂರಿನ ಅಂಗಡಿಯಲ್ಲಿ ಮಗಳು ಶಿವರಂಜನಿ ಮಾತ್ರ ಹಟ ಹಿಡಿದಳು.

“ಅಪ್ಪಾಜಿ, ಹಿಂದ್ಗಡೆ ತಗುಲಾಕೋದೇ ತಕ್ಕೊಳಣ. ಎತ್ತೋದು ಇಳ್ಸೋದು ಸುಲಭ.”

“ಇಂದ್ಗಡೆಯಿಂದ ಯಾವನಾರ ಬಂದು ಗುದ್ದುದ್ರೆ? ಸೈಕಲ್ಲು ನಮ್ದಲ್ಲ ಕಣವ್ವ, ನಯನಂದು. ಟಾಪ್ ಮೇಲಿದ್ರೆ ದೇವ್ರ ತಲೆ ಮೇಲೆ ಊವ ಇದ್ದಂಗಿರ್ತದೆ.”

ಸೈಕಲ್ಲು ನಿಜಕ್ಕೂ ನಯನಳದು. ಅವಳು ಹಿಂದೆ ರಾಜ್ಯ ತಂಡದಲ್ಲಿ ಓಡಿಸಿದ ಹುಡುಗಿ. ಹೋದ ವರ್ಷ ಶಿವರಂಜನಿ ತನ್ನ ಹಳೇ ಕಬ್ಬಿಣದ ಸೈಕಲ್ಲಿನಲ್ಲಿ ಓಡಿಸಿ ರಾಜ್ಯದ ಜೂನಿಯರ್ ತಂಡದ ಆಯ್ಕೆಯನ್ನು ನಾಲ್ಕೇ ಸೆಕೆಂಡಿನಿಂದ ಕಳೆದುಕೊಂಡು ಅತ್ತದ್ದನ್ನು ನೋಡಿ, ಈ ಸಲ ತನ್ನ ಕಾರ್ಬನ್ ಸೈಕಲ್ಲನ್ನೇ ಕೊಟ್ಟಿದ್ದಳು. ಒಂದು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಇನ್ನೆರಡು ತಿಂಗಳಿಗೆ ಶಿವರಂಜನಿಗೆ ಹದಿನೆಂಟು ತುಂಬುತ್ತದೆ. ಜೂನಿಯರ್ ತಂಡದ ಬಾಗಿಲು ಅವಳ ಪಾಲಿಗೆ ಅಲ್ಲಿಗೆ ಮುಚ್ಚಿತು. ಇದು ಕೊನೆಯ ಸಲ.

ಅಂಗಡಿಯ ಮದನ್ ಟಾಪ್ ಕ್ಯಾರಿಯರನ್ನೇ ಬಿಗಿದು ಕೊಟ್ಟ. ಜೊತೆಗೆ ಒಂದು ಸ್ಟಿಕ್ಕರ್ ಕೊಟ್ಟ: ‘ಮೇಲೆ ಸೈಕಲ್ ಇದೆ.’

“ಸ್ಟೇರಿಂಗ್ ಹತ್ರ ಅಂಟಿಸ್ಕೊಳಿ ಸಾ. ಎತ್ತರ ಮರ್ತೋಯ್ತದೆ.”

“ನಂಗೆ ಎತ್ತರ ಏಳ್ಕೊಡ್ತೀಯೇನ್ಲಾ?” ಮಹಾದೇವಸ್ವಾಮಿ ಅಂಗಡಿಯೇ ಅದುರುವಂತೆ ನಕ್ಕ. “ಅನ್ನೊಂದಡಿ ಬಸ್ಸ ಕೊಂಬೆ ತಗುಲ್ದಂಗೆ ಓಡಿಸ್ದೋನು ಕಣಯ್ಯ ನಾನು!”

ಸ್ಟಿಕ್ಕರು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಸೇರಿತು.

ಆಯ್ಕೆಯ ದಿನ ಬೆಳಿಗ್ಗೆ ಅವನು ಸೈಕಲ್ಲನ್ನು ಮೇಲೇರಿಸಿ, ಕ್ಯಾರಿಯರಿನ ಪಟ್ಟಿಗಳನ್ನು ಬಿಗಿದ. ಅಷ್ಟಕ್ಕೆ ಸಮಾಧಾನವಾಗದೆ ನೈಲಾನ್ ಹಗ್ಗ ತಂದು ಹಳೇ ಲಗೇಜು ಗಂಟು ಹಾಕಿದ. ಮೂರು ಕಡೆ. ಹೆಂಡತಿ ಗುರುಬಸಮ್ಮ ಸೈಕಲ್ಲಿನ ಹ್ಯಾಂಡಲಿಗೆ ವಿಭೂತಿ ಹಚ್ಚಿದಳು. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಗಂಟು ಎಳೆದು ನೋಡಿದ. ಮಗಳಿಗೆ ನಗು ಬಂತು.

“ಸಾಕು ಬನ್ನಿ ಅಪ್ಪಾಜಿ. ಇನ್ನು ಅದ್ನ ಬಿಚ್ಚಾಕೆ ಕುಡ್ಲು ಬೇಕಾಯ್ತದೆ.”

ನಂಜನಗೂಡಿನ ಹತ್ತಿರ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ರೈಲ್ವೆ ಗೇಟು, ದೊಡ್ಡ ಸುತ್ತು. ಬಲಕ್ಕೆ ರೈಲು ಹಳಿಯ ಕೆಳಗೆ ನುಸುಳುವ ಕಿರುದಾರಿ. ಲಾರಿ, ಬಸ್ಸು ನುಗ್ಗದಿರಲೆಂದು ಅದರ ಎರಡೂ ಬಾಯಿಗೆ ಎಂಟಡಿ ಎತ್ತರದಲ್ಲಿ ಕಬ್ಬಿಣದ ತೊಲೆ ಹಾಕಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಅವನು ಎಡಕ್ಕೇ ತಿರುಗಿದ್ದ. ಗೇಟು ಬಿದ್ದಾಗಲೆಲ್ಲ ಪ್ರಯಾಣಿಕರ ಬೈಗುಳ ತಿನ್ನುತ್ತ, ಆ ಕಿರುದಾರಿಯಲ್ಲಿ ಸುಯ್ಯೆಂದು ಹೋಗುವ ಕಾರುಗಳನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದ. ನಿವೃತ್ತನಾಗಿ ಕಾರು ತಂದ ಮೊದಲ ದಿನವೇ ಆ ತೊಲೆಯ ಕೆಳಗೆ ನುಗ್ಗಿ, ಹಾರ್ನ್ ಹೊಡೆದು, ಒಬ್ಬನೇ ನಕ್ಕಿದ್ದ. ಅಂದಿನಿಂದ ಎಡಕ್ಕೆ ತಿರುಗಿದ್ದೇ ಇಲ್ಲ.

ಇವತ್ತೂ ಕೈ ಬಲಕ್ಕೇ ತಿರುಗಿಸಿತು. ಬಸ್ಸಿನಲ್ಲಿ ಕೂತಾಗ ಅವನ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು. ಕಾರಿನಲ್ಲಿ ಕೂತಾಗ ಮೇಲೆ ನೋಡುವ ಕರ್ಮ ಇಲ್ಲವಲ್ಲ, ಆ ಸುಖಕ್ಕೇ ಅವನು ಕಾರನ್ನು ಅಷ್ಟು ಹಚ್ಚಿಕೊಂಡದ್ದು. ಮಗಳು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು.

ತಲೆಯ ಮೇಲೇ ಸಿಡಿಲು ಹೊಡೆದಂತೆ ಸದ್ದಾಯಿತು.

ಇಳಿದು ನೋಡಿದರೆ ಕಾರಿಗೆ ಏನೂ ಆಗಿರಲಿಲ್ಲ. ಕ್ಯಾರಿಯರಿನ ಕಾಲೂ ಅಲುಗಿರಲಿಲ್ಲ. ಹಗ್ಗದ ಮೂರು ಗಂಟೂ ಹಾಕಿದ ಹಾಗೇ ಇದ್ದವು. ಅಯ್ಯೋ, ಆ ಗಂಟುಗಳು ಸಡಿಲವಾಗಿದ್ದರೆ ಸೈಕಲ್ಲು ಕಳಚಿ ರಸ್ತೆಗೆ ಬಿದ್ದು ಉಳಿಯುತ್ತಿತ್ತೋ ಏನೋ! ಬಿಗಿದು ಕಟ್ಟಿದ್ದರಿಂದ ನಿಂತಲ್ಲೇ ಮುರಿದಿತ್ತು. ಹ್ಯಾಂಡಲಿನ ಕತ್ತು ಒಂದು ಕಡೆ, ಸೀಟು ಒಂದು ಕಡೆ. ಹ್ಯಾಂಡಲಿನ ವಿಭೂತಿ ಮಾತ್ರ ಹಾಗೇ ಇತ್ತು.

“ವೆಲ್ಡಿಂಗ್ ಮಾಡುಸ್ಬುಡವ ಕಣವ್ವ. ಇಲ್ಲೇ ಗೊತ್ತಿರೋನವ್ನೆ, ಚಲುವಯ್ಯ ಅಂತ. ಹತ್ ನಿಮ್ಷ.”

ಶಿವರಂಜನಿ ಗಂಟು ಬಿಚ್ಚಲು ಬರದೆ ಹಗ್ಗವನ್ನು ಹಲ್ಲಿನಿಂದ ಎಳೆಯುತ್ತಿದ್ದಳು.

ನಂಜನಗೂಡಿನ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಆಗಲೇ ಆಯ್ಕೆ ಶುರುವಾಗಿತ್ತು. ನಿಮಿಷಕ್ಕೊಬ್ಬರನ್ನು ಬಿಡುತ್ತಿದ್ದರು. ಕೋಚ್ ರವಿಕುಮಾರ್ ಮುರಿದ ಜಾಗಕ್ಕೆ ಬೆರಳಿಟ್ಟು ನೋಡಿದ.

“ಕಾರ್ಬನ್ನಿಗೆ ವೆಲ್ಡಿಂಗ್ ಇಲ್ಲ ಸಾ. ಮುರೀತು ಅಂದ್ರೆ ಮುರೀತು.”

“ಇನ್ಯಾರ್ದಾರ ಒಂದ್ ಸೈಕಲ್ಲು… ಕೈ ಮುಗೀತೀನಿ.”

“ಎಲ್ರೂ ಅವ್ರವ್ರ ಅಳತೆಗೆ ಮಾಡಿಸ್ಕೊಂಡಿರ್ತಾರೆ. ಅವ್ರದೂ ಇವತ್ತೇ ಅಲ್ವಾ ಸಾ?”

ಆದರೂ ಮಹಾದೇವಸ್ವಾಮಿ ಸಾಲಿನಲ್ಲಿದ್ದ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೇಳಿದ. ಕೆಲವರು ತಲೆ ತಗ್ಗಿಸಿದರು. ಒಬ್ಬಳ ತಂದೆ ಸೈಕಲ್ಲಿಗೆ ಅಡ್ಡ ಬಂದು ನಿಂತ. ತಾನೂ ಹಾಗೇ ನಿಲ್ಲುತ್ತಿದ್ದೆ ಅನ್ನಿಸಿ ಮಹಾದೇವಸ್ವಾಮಿ ಹಿಂದಕ್ಕೆ ಬಂದ.

“ಹದಿನಾಲ್ಕು, ಶಿವರಂಜನಿ!” ಮೈಕಿನಲ್ಲಿ ಕೂಗಿದರು. ಮತ್ತೊಮ್ಮೆ ಕೂಗಿದರು. ಬೆನ್ನಿಗೆ ಹದಿನಾಲ್ಕನೇ ನಂಬರು ಪಿನ್ನು ಮಾಡಿಕೊಂಡು ಅವಳು ಅಲ್ಲೇ ಇದ್ದಳು, ಕೈ ಎತ್ತಲಿಲ್ಲ. ಖಾಲಿ ರಸ್ತೆಯ ಮೇಲೆ ಒಂದು ನಿಮಿಷ ಹೋಯಿತು. ಆಮೇಲೆ ಹದಿನೈದು ಅಂದರು.

ಅವಳು ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಒಂದೊಂದೇ ಪಿನ್ನು ಬಿಚ್ಚಿ, ನಂಬರನ್ನು ಮಡಿಸಿ ಕೊಟ್ಟಳು. ಇಡಲೆಂದು ಅವನು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದಾಗ ಸ್ಟಿಕ್ಕರು ಕಾಲ ಮೇಲೆ ಬಿತ್ತು.

“ನಯನಂಗೆ ನಾನೇ ಏಳ್ತೀನಿ ಕಣವ್ವ.”

“ಹೇಳಿ.”

ವಾಪಸು ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಸೈಕಲ್ಲಿನ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈ ಅಭ್ಯಾಸಬಲದಿಂದ ಮತ್ತೆ ಕಿರುದಾರಿಗೇ ಕಾರನ್ನು ತಂದಿತ್ತು. ತೊಲೆಯಿಂದ ಹತ್ತು ಮಾರು ದೂರದಲ್ಲಿ ಮಹಾದೇವಸ್ವಾಮಿ ಬ್ರೇಕು ಹಾಕಿದ. ಇಳಿದು ನಿಂತು ತಲೆಯೆತ್ತಿ ತೊಲೆ ನೋಡಿದ, ಕಾರಿನ ಟಾಪು ನೋಡಿದ, ಮತ್ತೆ ತೊಲೆ ನೋಡಿದ. ಹಿಂದೆ ನಿಂತ ಕಾರುಗಳು ಹಾರ್ನ್ ಹೊಡೆದವು. ಒಳಗೆ ಬಂದು ಕೂತರೂ ಕಾಲು ಎಕ್ಸಲರೇಟರಿನ ಮೇಲೆ ಊರಲಿಲ್ಲ.

ಶಿವರಂಜನಿ ಕಿಟಕಿಯಾಚೆ ನೋಡುತ್ತಲೇ ಅಂದಳು:

“ಮೇಲೇನೂ ಇಲ್ಲ ಅಪ್ಪಾಜಿ. ಹೋಗಿ.”