ಸ್ಟಿಯರಿಂಗಿಗೆ ಕಟ್ಟಿದ್ದ ಚೀಟಿ

ಮೂರು ನಿಂಬೆಹಣ್ಣು ಅಪ್ಪಚ್ಚಿಯಾಗಿವೆ, ನಾಲ್ಕನೆಯದು ಮಾತ್ರ ಗುಂಡಗೆ ಹಾಗೇ ಉಳಿದಿದೆ, ಹಿಂದಿನ ಎಡಚಕ್ರದ್ದು, ನಾನೇ ಚಕ್ರಕ್ಕೆ ತಾಗಿಸಿ ಇಟ್ಟಿದ್ದೆನಲ್ಲ, ಅದು ಹೇಗೆ ಜಾರಿತು, ಆ ಹಿಂದಿನ ಚಕ್ರಗಳಿಗೇ ಅಲ್ಲವೇ ಹೊಸ ಡಿಫರೆನ್ಷಿಯಲ್ ಹಾಕಿರುವುದು — ಎರಡು ಚಕ್ರಕ್ಕೂ ಬಲ ಹಂಚೋ ಗೇರಿನ ಪೆಟ್ಟಿಗೆ ಕಣಮ್ಮ ಅಂತ ಭೀಮರಾಜ ಹೇಳಿಕೊಟ್ಟ, ಹೊಟ್ಟೆಯಲ್ಲಿ ಹುಟ್ಟಿದವನು ನನಗೆ ಪಾಠ ಹೇಳುತ್ತಾನೆ, ನಾನು ಕೇಳುತ್ತೇನೆ, ಕೇಳುವುದಕ್ಕೆ ನನಗೆ ಎಂದೂ ಬೇಸರವಿಲ್ಲ. ಬಿಡು ಮುನಿಶಾಮಮ್ಮ, ಒಂದು ನಿಂಬೆಹಣ್ಣು ತಾನೆ. ಶೆಡ್ಡು ಬಾಯಿ ತೆರೆದುಕೊಂಡಿದೆ, ಬೆಳಿಗ್ಗೆ ಅಲ್ಲಿ ನೀಲಿ ಕಾರು ನಿಂತಿತ್ತು, ಕೆಂಪಾಪುರದ ವೇಣುಗೋಪಾಲ್ ಅವರದು, ಇಬ್ಬರಿಗೇ ಜಾಗ, ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕೂತರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು. ಹೊಸ ಗೇರು ತಾನೇ, ಹಲ್ಲಿಗೆ ಹಲ್ಲು ಒಗ್ಗಬೇಕಂತೆ, ಎಂಟುನೂರು ಕಿಲೋಮೀಟರು ನಿಧಾನ, ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಬೇಕು, ಆರಬೇಕು, ಮತ್ತೆ ಓಡಿಸಬೇಕು, ಒಮ್ಮೆಗೇ ಎಳೆಯಬಾರದು. ನನಗೆ ಅರ್ಥವಾಗದ ಮಾತೇ ಅದು? ಹೊಸ ಬೀಸುಕಲ್ಲಿಗೆ ಅತ್ತೆ ಮೂರು ದಿನ ರಾಗಿ ಕೊಡಲಿಲ್ಲ, ತೌಡು ಹಾಕಿ ಬೀಸಿಸಿದಳು, ಬೀಸಿದ್ದನ್ನೆಲ್ಲ ಚೆಲ್ಲಿಸಿದಳು, ಕಲ್ಲಿನ ಪುಡಿ ಹೊಟ್ಟೆಗೆ ಹೋಗಬಾರದು ಕಣೆ, ಮೂರನೆಯ ದಿನ ಕಲ್ಲಿನ ಕೂಗು ಅಡಗಿತು. ಕಾರೂ ಕೂಗುತ್ತಲೇ ಹೋಯಿತು, ಗೇಟು ದಾಟುವಾಗ ಸಣ್ಣದೊಂದು ಕೂಗು, ಏನೋ ಅದು ಅಂದೆ, ಹೊಸದು ಅಲ್ವೇನಮ್ಮ, ಸ್ವಲ್ಪ ಅಳತ್ತೆ, ಟೋಲ್ ತನಕ ಹೋಗಿ ಆರಿಸ್ಕೊಂಡು ಬರ್ತೀನಿ, ಮುದ್ದೆ ಮುಚ್ಚಿಟ್ಟಿರು — ನಗುತ್ತಲೇ ಹೋದ, ನಾಲ್ಕನೆಯ ಹಣ್ಣು ಆಗಲೇ ಮೋರಿಯ ಪಕ್ಕ ಉರುಳಿತ್ತು. ಮುದ್ದೆ ಮುಚ್ಚಿಟ್ಟಿದ್ದೇನೆ. ಶುಕ್ರವಾರ, ನಾಸಿರ್ ನಮಾಜಿಗೆ ಹೋಗಿದ್ದಾನೆ, ಅವರಿಬ್ಬರೂ ಸೇರಿಯೇ ಈ ಶೆಡ್ಡು ಹಾಕಿದ್ದು, ಒಬ್ಬ ಬಿಚ್ಚುತ್ತಾನೆ, ಒಬ್ಬ ಕಟ್ಟುತ್ತಾನೆ, ದಿನವೆಲ್ಲ ಜಗಳ. ಬೆಳಿಗ್ಗೆಯೂ ಅದೇ, ನಿನ್ ಕೈ ಸ್ಪೀಡು, ತಲೆ ಸ್ಲೋ ಅಂತ ನಾಸಿರ್, ನಿಂದು ಬಾಯೊಂದೇ ಸ್ಪೀಡು ಮಗಾ ಅಂತ ಇವನು, ನಾನು ಮೂಲೆಯಲ್ಲಿ ಸೇವಂತಿಗೆ ಕಟ್ಟುತ್ತಾ ಕೂತಿದ್ದೆ, ಹೂವಿನ ಲೆಕ್ಕ ತಪ್ಪಬಾರದಲ್ಲ, ಅವರ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಇವನು ಬರುವ ತನಕ ಎರಡು ಪುಟ ಓದೋಣ, ಕನ್ನಡಕ ಹಾಕಿಕೊಂಡೆ, ರಾತ್ರಿ ಶಾಲೆಯಲ್ಲಿ ರಾಧಾಮಣಿ ಮಿಸ್ಸು ಕೊಟ್ಟ ಪುಸ್ತಕ, ಅಂಚೆಲ್ಲ ಜೀರ್ಣವಾಗಿದೆ, ತೆರೆದರೆ ಕೆಂಪು ಚೀಟಿ. ಹೌದು, ನಾನೇ ಇಟ್ಟದ್ದು. ಪೂಜೆಗೆ ಹೋದಾಗ ಸ್ಟಿಯರಿಂಗಿಗೆ ತಂತಿಯಿಂದ ಕಟ್ಟಿತ್ತು, ಹೂವಿಗೆ ಅಡ್ಡ, ಹೊಸ ಸಾಮಾನಿನ ಬೆಲೆಯ ಚೀಟಿ ಅಂದುಕೊಂಡೆ, ತಂತಿ ಬಿಚ್ಚಿ ಚೀಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡೆ, ಆಮೇಲೆ ಪುಸ್ತಕಕ್ಕೆ ಗುರುತು ಆಯಿತು. ಮೂಲೆಯಲ್ಲಿ ನನ್ನ ಹೆಬ್ಬೆಟ್ಟು, ಅರಿಸಿನ ಒದ್ದೆ ಇತ್ತು, ಗೆರೆ ಗೆರೆಯೂ ಎದ್ದಿದೆ. ಇಂಗ್ಲಿಷು ನನಗೆ ನಿಧಾನ, ಒಂದೊಂದೇ ಅಕ್ಷರ ಹಿಡಿದು ಹೋಗಬೇಕು — ನೋ, ಆಯಿಲ್. ಕೆಳಗೆ ನಾಸಿರನ ದಪ್ಪ ಕನ್ನಡ, ತುಂಬದೆ ಓಡಿಸಬೇಡ. ಬೆಲೆ ಎಲ್ಲೂ ಇಲ್ಲ. ಮತ್ತೆ ಓದಿದೆ, ತುಂಬದೆ ಓಡಿಸಬೇಡ. ಈಗ ಇಳಿಯುತ್ತಿದೆ ಬೆಳಗಿನ ಮಾತು, ಹೂವಿನ ಆಚೆ ಭೀಮರಾಜನ ಗಂಟಲು, ಎಣ್ಣೆ ತುಂಬ್ದೋನೇ ಚೀಟಿ ಬಿಚ್ಚಬೇಕು ಕಣೋ, ಚೀಟಿ ಇರೋಗಂಟ ಯಾರೂ ಕೀ ತಿರುಗಿಸೋಹಂಗಿಲ್ಲ. ಆಮೇಲೆ ಅವನು ಸ್ನಾನ ಮುಗಿಸಿ ಬಂದವನು, ಸ್ಟಿಯರಿಂಗ್ ನೋಡಿದವನು, ಓ, ನಾಸಿರ್ ಹೋಗೋಕ್ಮುಂಚೆ ತುಂಬ್ಬಿಟ್ಟವ್ನೆ, ಇದಕ್ಕೇ ಅವನು ಇಷ್ಟ ಆಗೋದು — ನಾನು ಕರ್ಪೂರ ಹಚ್ಚುತ್ತಿದ್ದೆ. ಅಲ್ಲೇ ಇದ್ದೆ. ಬೆಂಚಿನ ಮೇಲೆ ಎಣ್ಣೆ ಡಬ್ಬಿ, ಮುಚ್ಚಳ ತಿರುಗಿಸಿದೆ, ಒಳಗಿನ ಬೆಳ್ಳಿಹಾಳೆ ಹರಿದಿಲ್ಲ. ಪಕ್ಕದ್ದು, ಅದೂ ಹರಿದಿಲ್ಲ. ಫೋನು, ಭೀಮರಾಜನ ನಂಬರು ನನಗೆ ಬಾಯಿಪಾಠ, ಒತ್ತಿದೆ, ರಿಂಗಾಯಿತು, ಇಲ್ಲೇ ರಿಂಗಾಯಿತು, ಬೆಂಚಿನ ಕೆಳಗೆ ಚಾರ್ಜಿಗೆ ಹಾಕಿದ್ದಾನೆ. ತೆಗೆಯಪ್ಪ, ತೆಗೆಯಪ್ಪ, ಯಾರಿಗೆ ಹೇಳುತ್ತಿದ್ದೇನೆ. ಎಷ್ಟು ಹೊತ್ತಾಯಿತು ಹೋಗಿ, ಅನ್ನ ಬಸಿದಿದ್ದೆ, ಮುದ್ದೆ ಕಟ್ಟಿದ್ದೆ, ಹತ್ತು ನಿಮಿಷ, ಹನ್ನೆರಡು, ಹಾಗಾದರೆ ಮೇಲ್ಸೇತುವೆ ಹತ್ತಿರುತ್ತಾನೆ, ಅಲ್ಲಿ ನಿಲ್ಲಿಸಲು ಜಾಗವಿಲ್ಲ, ಹಿಂದೆ ಏರ್‌ಪೋರ್ಟಿನ ಬಸ್ಸು, ಅದರ ಹಿಂದೆ ಲಾರಿ.

ಅಮ್ಮಾ, ಗಾಡಿ ಎಲ್ಲಿ — ನಾಸಿರ್, ಟೋಪಿ ಇನ್ನೂ ತಲೆಯ ಮೇಲೆ. ಓಡಿಸೋಕೆ ಹೋದ ಕಣಪ್ಪ. ಏನಮ್ಮಾ ಹಂಗಂದ್ರೆ, ನಾನಿನ್ನೂ ಆಯಿಲ್ ಹಾಕಿಲ್ಲ, ಚೀಟಿ ಕಟ್ಟೇ ಹೋಗಿದ್ದೆ, ಅವನೇನು ಕುರುಡನಾ! ಕೈ ಚಾಚಿದೆ. ಅವನು ಚೀಟಿ ನೋಡಿದ, ನನ್ನನ್ನು ನೋಡಿದ, ಬೈಕಿನ ಕೀ ಕೈಗೆ ತೆಗೆದುಕೊಂಡ. ಏನಾಗತ್ತೆ ನಾಸಿರ್. ಏನೂ ಆಗಲ್ಲಮ್ಮಾ, ನೀವು ಕೂತ್ಕೊಳಿ. ಸುಳ್ಳು ಹೇಳ್ಬೇಡ ಕಣೋ. ಹಲ್ಲು ಕಾದು ಹಿಡ್ಕೊಂಡ್ರೆ ಹಿಂದಿನ ವೀಲು ತಟ್ಟಂತ ನಿಂತೋಗತ್ತೆ ಅಮ್ಮಾ, ನಿಧಾನ ಇದ್ರೆ ಪರವಾಗಿಲ್ಲ, ನಿಧಾನನೇ ಹೋಗ್ತಾ ಇರ್ತಾನೆ — ಬೈಕು ಎಗರಿ ಹೋಯಿತು. ನಿಧಾನವೇ, ಎಂಟುನೂರು ಕಿಲೋಮೀಟರು ನಿಧಾನವೇ, ಹಾಗಂತ ಅವನೇ ಹೇಳಿದ್ದ, ಕೂಗು ಕೇಳಿಸಿಕೊಂಡು ನಿಲ್ಲಿಸುತ್ತಾನೆ, ಇಲ್ಲ, ಹೊಸದು ಅಳತ್ತೆ ಅಂದುಕೊಳ್ಳುತ್ತಾನೆ, ಅದು ಜೋರಾದಷ್ಟೂ ಒಗ್ಗುತ್ತಿದೆ ಅಂದುಕೊಳ್ಳುತ್ತಾನೆ. ಒಣಕಲ್ಲಿಗೆ ತೌಡೂ ಇಲ್ಲ. ಮೋರಿಯ ಪಕ್ಕ ನಿಂಬೆಹಣ್ಣು ಬಿದ್ದಿದೆ, ಪಾಪ, ಅದರ ಮೇಲೆ ಹಾಕಿದ್ದೆ ಅಪಶಕುನವನ್ನೆಲ್ಲ. ಇವನ ಅಪ್ಪ ತೀರಿಕೊಂಡಾಗ ಆಸ್ಪತ್ರೆಯ ಗುಮಾಸ್ತ ನೀಲಿ ಶಾಯಿಯ ಪ್ಯಾಡು ತಳ್ಳಿದ, ಇದರಲ್ಲಿ ಏನು ಬರೆದಿದೆ ಸ್ವಾಮಿ ಅಂದೆ, ಒತ್ತಮ್ಮ, ತಿಳ್ಕೊಂಡು ಏನ್ ಮಾಡ್ತೀಯ, ಒತ್ತಿದೆ, ಹೆಣ ಕೊಟ್ಟರು. ಮೂರು ದಿನ ಉಜ್ಜಿದರೂ ಹೆಬ್ಬೆರಳು ನೀಲಿಯೇ, ಆ ವರ್ಷವೇ ರಾತ್ರಿ ಶಾಲೆಗೆ ಹೋದೆ, ರಾಧಾಮಣಿ ಮಿಸ್ಸು ಮೊದಲ ದಿನವೇ ಅಂದರು, ಓದದೆ ಯಾವುದಕ್ಕೂ ಕೈ ಹಾಕಬೇಡಿ ಅಮ್ಮ. ನಲವತ್ತಕ್ಕೆ ಹೆಸರು ಬರೆಯಲು ಕಲಿತೆ, ಇನ್ನೆಂದೂ ಎಲ್ಲಿಯೂ ಹೆಬ್ಬೆಟ್ಟು ಒತ್ತಲಿಲ್ಲ. ಪೂಜೆಯ ಹೊತ್ತಿಗೆ ಕನ್ನಡಕ ಗೂಡಿನಲ್ಲಿತ್ತು, ನಾಲ್ಕು ಹೆಜ್ಜೆ. ತಿರುವಿನಲ್ಲಿ ಸದ್ದು, ಕಾರೇ — ಅಲ್ಲ, ನೀರಿನ ಟ್ಯಾಂಕರು. ಹೆದ್ದಾರಿಯ ಕಡೆ ಹಾರ್ನು, ಒಂದಲ್ಲ, ಹತ್ತಾರು, ಒಟ್ಟಿಗೆ, ಬಿಡದೆ, ದಿನವೂ ಹೀಗೇ ಕೂಗುತ್ತವೆಯೇ, ನಾನು ಯಾವತ್ತಾದರೂ ಕಿವಿಗೊಟ್ಟಿದ್ದೆನೇ. ಮುದ್ದೆ ಆರುತ್ತಿದೆ. ತೊಡೆಯ ಮೇಲೆ ಚೀಟಿ, ಕೆಂಪಿನ ಮೇಲೆ ಹಳದಿ, ಸುತ್ತಿನೊಳಗೆ ಸುತ್ತು, ಒಂದು ಗೆರೆಯೂ ಅಳಿಸಿಲ್ಲ, ಸೆರಗಿನಿಂದ ಉಜ್ಜಿದೆ, ಹೋಗಲಿಲ್ಲ, ಉಗುಳು ಹಚ್ಚಿ ಉಜ್ಜಿದೆ, ಓಡಿಸಬೇಡ ಅನ್ನುವುದು ಅಳಿಸಿತು, ಹೆಬ್ಬೆಟ್ಟು ಹೋಗಲಿಲ್ಲ, ಹೆಬ್ಬೆಟ್ಟು —